ಬಿಳಿ ಚಿಮಣಿಯವರ ಅಂಗಿ

ಮಯಾಮಿ
ಜನವರಿ 14

ಪ್ರೀತಿಯ ಪಪ್ಪ,

ಒಂದು ವಿಷಯವನ್ನು ಈ ಪತ್ರದಲ್ಲಿ ಬರೆಯದೇ ಬಿಟ್ಟುಬಿಡುವುದರಲ್ಲಿದ್ದೆ. ನಿನ್ನೆ ಬರೆದದ್ದರಲ್ಲಿ ಅದು ಇರಲಿಲ್ಲ. ನನ್ನ ಹೊಸ ಬಾಡಿಗೆ ಮನೆ, ಇಲ್ಲಿಯ ಚಳಿ, ಅಂಗಡಿಯಲ್ಲಿ ಸಿಗುವ ರುಚಿಗೆಟ್ಟ ದೀವಿಹಲಸು, ಎಲ್ಲ ಇತ್ತು. ಲಕೋಟೆ ಅಂಟಿಸಿದ ಮೇಲೆ ಕೈ ತಡೆಯಿತು, ಹರಿದೆ. ಆದ್ದರಿಂದ ಈ ಸಲ ಅದನ್ನೇ ಮೊದಲು ಹೇಳಿಬಿಡುತ್ತೇನೆ. ಫಿಲೋಮೀನ್ ಅತ್ತೆ ಕಳಿಸಿದ ಫೋಟೋದಲ್ಲಿ ನೀವು ಹಾಕಿಕೊಂಡಿದ್ದೀರಲ್ಲ, ‘ನಮ್ಮ ಕೊಲ್ಲಿ ನಮಗೇ’ ಎಂದು ಎದೆಯ ಮೇಲೆ ಅಚ್ಚಾದ ಅಂಗಿ, ಅದಕ್ಕೆ ಹಣ ಕೊಟ್ಟವರು ನಮ್ಮ ಎದುರಾಳಿ ಹಡಗು ಕಂಪನಿ, ಬಿಳಿ ಚಿಮಣಿಯವರು.

ನನಗೆ ಗೊತ್ತಾದದ್ದು ಹೀಗೆ. ಕಳೆದ ವಾರ ಹಡಗು ಕಂಪನಿಗಳವರೆಲ್ಲ ಸೇರುವ ಊಟವಿತ್ತು. ಯಾವ ದ್ವೀಪದಲ್ಲಿ ಯಾವ ದಿನ ಯಾರ ಹಡಗು ಎಂದು ಹಂಚಿಕೊಳ್ಳುವುದು ಹೆಚ್ಚಾಗಿ ಇಂಥ ಊಟದಲ್ಲೇ. ಬುಧವಾರ ನಿಮಗಿರಲಿ, ಗುರುವಾರ ನಮಗೆ ಬಿಡಿ, ಆ ಉಪ್ಪು ಸ್ವಲ್ಪ ಈ ಕಡೆ ಕೊಡಿ. ಬಿಳಿ ಚಿಮಣಿಯ ಹಾರ್ಲನ್ ನನ್ನ ಪಕ್ಕದಲ್ಲಿ ಕೂತಿದ್ದ. ಮೀನಿನ ಮುಳ್ಳು ಬಿಡಿಸುತ್ತಾ, “ನಿಮ್ಮ ತಂದೆಗೆ ನಮ್ಮ ಅಂಗಿ ಚೆನ್ನಾಗಿ ಒಪ್ಪುತ್ತೆ ಕಣ್ರೀ” ಅಂದ. ನಾನು ನಕ್ಕೆ. ಆಮೇಲೆ ಅವನು ತಮಾಷೆ ಮಾಡುತ್ತಿಲ್ಲ ಅಂತ ಹೊಳೆಯಿತು.

ನಾನು ಕೆಲಸ ಮಾಡುವ ಹಸಿರು ಚಿಮಣಿಯವರು ನಮ್ಮೂರು ಆನ್ಸ್ ಮಾರ್ಸೆಲ್‌ನಲ್ಲಿ ಹಡಗು ನಿಲ್ಲುವ ಜೆಟ್ಟಿ ಕಟ್ಟಿಸಿಕೊಟ್ಟರೆ, ಮೂವತ್ತು ವರ್ಷ ಕಾಲ ಬೇಕಾದ ದಿನವನ್ನು ಮೊದಲು ಆರಿಸುವ ಹಕ್ಕು ನಮ್ಮದು. ಉಳಿದ ಕಂಪನಿಗಳಿಗೆ ಉಳಿದ ದಿನ. ಅದು ಬೇಡವಾದ್ದರಿಂದ ಬಿಳಿ ಚಿಮಣಿಯವರಿಗೆ ಈಗ, ಹಡಗಿನ ಜನರನ್ನು ದಡಕ್ಕೆ ತರುವ ಲಾಂಚಿನವರ ಮೇಲೆ ಪ್ರೀತಿ. ಜೆಟ್ಟಿಗೆ ದುಡ್ಡು ಹಾಕುವವರು ಒಂದು ಕಂಪನಿ, ಜೆಟ್ಟಿ ಬೇಡ ಎನ್ನುವ ಕೂಗಿಗೆ ದುಡ್ಡು ಹಾಕುವವರು ಇನ್ನೊಂದು ಕಂಪನಿ. ನಡುವೆ ಅಮ್ಮನ ಹೆಸರು ಹೊತ್ತ ನಮ್ಮ ಲಾಂಚು, ಮಿಸ್ ಎಡ್ವಿನಾ.

ನಾನು ಈ ಕಚೇರಿಗೆ ಸೇರಿ ಮೂರು ವರ್ಷವಾಯಿತು. ಅಷ್ಟರಲ್ಲಿ ನೀವು ಬರೆದದ್ದು ಎರಡೇ ಸಲ. ಒಂದು ಕ್ರಿಸ್‌ಮಸ್‌ಗೆ, ಇನ್ನೊಂದು ಚಂಡಮಾರುತ ಬಂದು ಹೋದ ಮೇಲೆ, “ಸೂರು ಇದೆ” ಎಂಬ ಎರಡು ಪದ. ಫೋನ್ ಮಾಡಿದರೆ ಎಂಜಿನ್ ಸದ್ದು ಕೇಳಿ ಕೇಳಿ ಮಂದವಾದ ಕಿವಿಯ ನೆಪ ಹೇಳಿ ಅತ್ತೆಯ ಕೈಗೆ ಕೊಡುತ್ತೀರಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಹಡಗುಗಳು ನೇರವಾಗಿ ಜೆಟ್ಟಿಗೇ ಬಂದು ನಿಂತರೆ ಜನರನ್ನು ದಡಕ್ಕೆ ತರಲು ಮಿಸ್ ಎಡ್ವಿನಾ ಯಾರಿಗೂ ಬೇಕಾಗುವುದಿಲ್ಲ.

ಅಂಗಿಯ ವಿಷಯವನ್ನು ನಿಮ್ಮ ಒಳ್ಳೆಯದಕ್ಕೆ ಹೇಳುತ್ತಿದ್ದೇನೋ, ಮೂರು ವರ್ಷದ ಮೌನಕ್ಕೆ ಉತ್ತರ ಕೊಡುತ್ತಿದ್ದೇನೋ, ನನಗೇ ಖಚಿತವಿಲ್ಲ. ಒಂದು ಮಾತ್ರ ಖಚಿತ. ಮಿಸ್ ಎಡ್ವಿನಾಳ ಎಂಜಿನ್ ನಿಲ್ಲಿಸಿದ ಕೈ ನನ್ನದಾಗಬಾರದು.

ನಿಮ್ಮ
ಮಾರ್ವಾ


ಆನ್ಸ್ ಮಾರ್ಸೆಲ್
ಫೆಬ್ರವರಿ 3

ಮಗಳೇ ಮಾರ್ವಾ,

ಕಾಗದ ಬಂತು. ಪೋಸ್ಟಾಫೀಸಿಂದ ಮಿಸ್ ಓಝೇಲಿಯಾ ತಾನೇ ತಂದುಕೊಟ್ಟಳು. ಕೊಟ್ಟು ಹೋಗಲಿಲ್ಲ, ಮೆಟ್ಟಿಲ ಮೇಲೇ ನಿಂತಳು. “ಮಯಾಮೀಲಿ ಎಲ್ಲ ಸೌಖ್ಯಾನಾ ಥಿಯೋ?” ಅಂದಳು. ಒಡೆದರೆ ತಾನೆ ಗೊತ್ತಾಗೋದು ಅಂದೆ. “ಒಡೀರಿ ಮತ್ತೆ, ನಂಗೇನು ಅವಸರ ಇಲ್ಲ” ಅಂದಳು. ಅವಳ ತಮ್ಮ ಕಾನ್ರಾಡ್ ನಮ್ಮ ಲಾಂಚಿನವರ ಸಂಘದ ಕಾರ್ಯದರ್ಶಿ, ಮರೀಬೇಡ. ಲಕೋಟೇನ ಬಿಸಿಲಿಗೆ ಹಿಡಿದು ನೋಡೋ ಹೆಂಗಸು ಅವಳು. ಇನ್ಮೇಲೆ ದಪ್ಪ ಕಾಗದದಲ್ಲಿ ಬರಿ.

ಅಂಗಿ ಯಾರು ಕೊಟ್ಟದ್ದು ಅಂತ ಕಾನ್ರಾಡ್‌ನ ಕೇಳಿದೆ. “ಹಿತೈಷಿಗಳು” ಅಂದ. ಹಿತೈಷಿಗಳು ಎಲ್ಲರಿಗೂ ಒಂದೇ ಅಳತೇದು ಕಳಿಸಿದ್ದಾರೆ. ನಮ್ಮ ಸಂಘದ ಬೋಸಿಗೆ ಹೊಟ್ಟೆ ಹೊರಗೆ, ನಂಗೆ ತೊಡೆ ತನಕ. ಬಟ್ಟೆ ಮಾತ್ರ ಗಟ್ಟಿ.

ನಾನು ಸಂಘದ ಅಧ್ಯಕ್ಷ ಆದದ್ದು ಹೇಗೆ ಅಂತ ಅತ್ತೆ ಬರೆದಿರಲಿಕ್ಕಿಲ್ಲ. ಸಭೆಯಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಕೂಗಾಡಿದರು. ಕಾನ್ರಾಡ್ ಜೆಟ್ಟಿಗೆ ಬಾಂಬ್ ಇಡ್ತೀನಿ ಅಂದ, ಇನ್ನೂ ಕಟ್ಟದ ಜೆಟ್ಟಿಗೆ. ಬೋಸಿ ಅಳೋಕೆ ಶುರು ಮಾಡಿದ, ಅವನು ಕುಡಿದಿದ್ದ. ನಾನೊಬ್ಬ ಬಾಯಿ ಬಿಡಲಿಲ್ಲ. ಕೊನೆಗೆ ಕಾನ್ರಾಡ್, “ನೋಡ್ರೋ, ಸಿಟ್ಟು ಅಂದ್ರೆ ಅದು. ಒಳಗೇ ಕುದೀತಿದೆ. ಇವರೇ ನಮ್ಮ ಅಧ್ಯಕ್ಷರು” ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದಕ್ಕೂ ನಾನು ಬಾಯಿ ಬಿಡಲಿಲ್ಲ.

ನಿಂಗೆ ಒಂದು ಮಾತು ಹೇಳಬೇಕು ಅಂತಿದ್ದೆ. ಇರಲಿ.

ಮಿಸ್ ಎಡ್ವಿನಾ ಚೆನ್ನಾಗಿದ್ದಾಳೆ. ಅವಳಿಗೋಸ್ಕರ ಅಲ್ಲಿ ಯಾರ ಹತ್ರಾನೂ ಏನೂ ಕೇಳಬೇಡ. ಕೇಳಲೇಬೇಡ.

ಪಪ್ಪ


ಮಯಾಮಿ
ಫೆಬ್ರವರಿ 26

ಪ್ರೀತಿಯ ಪಪ್ಪ,

ಕೇಳಬೇಡ ಅಂದಿರಿ. ಕೇಳಿದೆ.

ನಮ್ಮ ಮನೆಯಲ್ಲಿ ಯಾರಾದರೂ ‘ಬೇಡ’ ಅಂದರೆ ‘ಬೇಕು, ಆದರೆ ಬಾಯಿ ಬಿಡಲಾರೆ’ ಅಂತಲೇ ಅರ್ಥ. ಅಮ್ಮ ಹುಟ್ಟುಹಬ್ಬಕ್ಕೆ ನನಗೇನೂ ಬೇಡ ಅನ್ನುತ್ತಿದ್ದಳು. ಒಂದು ವರ್ಷ ನೀವು ನಿಜವಾಗಿಯೂ ಏನೂ ತರಲಿಲ್ಲ. ಆ ವಾರವೆಲ್ಲ ನಾವು ಉಪ್ಪುಮೀನು, ಬೇಯಿಸಿದ ಬಾಳೆಕಾಯಿ ಬಿಟ್ಟು ಬೇರೇನೂ ತಿನ್ನಲಿಲ್ಲ.

ನನ್ನ ಮೇಲಧಿಕಾರಿ ಲೊರೇನ್‌ಳ ಮುಂದೆ ನಕ್ಷೆ ಇಟ್ಟುಕೊಂಡು ಕೂತೆ. ಅದರಲ್ಲಿ ಜೆಟ್ಟಿಯ ಎರಡೂ ಬದಿಗೆ ಒಂದೊಂದು ಹಡಗು ನಿಲ್ಲುವಷ್ಟು ಜಾಗವಿತ್ತು. ಒಂದೇ ಸಾಕು ಅಂದೆ. ಎರಡನೆಯ ಹಡಗು ಬಂದ ದಿನ ಅದು ಈಗಿನಂತೆಯೇ ಕೊಲ್ಲಿಯಲ್ಲಿ ಲಂಗರು ಹಾಕಲಿ, ಅದರ ಜನರನ್ನು ನಮ್ಮೂರಿನ ಲಾಂಚುಗಳೇ ದಡಕ್ಕೆ ತರಲಿ, ಈ ಹಕ್ಕು ಈಗಿರುವ ಲಾಂಚಿನವರಿಗೆ ಹತ್ತು ವರ್ಷ ಇರಲಿ ಅಂದೆ. ಲೊರೇನ್ ಪೆನ್ಸಿಲ್ ಕಚ್ಚುತ್ತಾ ಕೇಳಿದಳು: “ಎರಡನೆಯ ಹಡಗು ಯಾರದ್ದಿರುತ್ತೆ?” ಸಾಮಾನ್ಯವಾಗಿ ಬಿಳಿ ಚಿಮಣಿಯವರದ್ದು ಅಂದೆ. “ಅಂದ್ರೆ ನಮ್ಮವರು ನಡೆದು ಇಳೀತಾರೆ, ಅವರ ಜನ ಬಿಸಿಲಲ್ಲಿ ಲಾಂಚಿಗೆ ಕಾಯ್ತಾರೆ.” ಹೌದು ಅಂದೆ. “ಜೆಟ್ಟಿಯ ಖರ್ಚೂ ಅರ್ಧ.” ಹೌದು ಅಂದೆ. “ಮಾರ್ವಾ, ನೀನು ಇಷ್ಟು ದಿನ ಎಲ್ಲಿದ್ದೆ?” ಅಂದಳು.

ನನ್ನ ಒಳ್ಳೆಯತನ ಅವಳ ಜಿಪುಣತನದ ಜೊತೆ ಎಷ್ಟು ಸುಲಭವಾಗಿ ಹೊಂದಿಕೊಂಡಿತೆಂದರೆ, ಅದು ಒಳ್ಳೆಯತನವೇ ಹೌದೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಆದರೂ ಇರಲಿ. ಕರಡಿನಲ್ಲಿ ಅದು ಸೇರಿದೆ. ಹತ್ತು ವರ್ಷ, ಪಪ್ಪ. ಮಿಸ್ ಎಡ್ವಿನಾ ಹತ್ತು ವರ್ಷ ಓಡುತ್ತಾಳೆ. ಈ ವಾರ ನಾನು ನಿದ್ದೆ ಮಾಡಿದಷ್ಟು ಚೆನ್ನಾಗಿ ಈ ಊರಿಗೆ ಬಂದ ಮೇಲೆ ಮಾಡಿಲ್ಲ.

ನಿಮ್ಮ ಅಕ್ಷರ ಸಾಲು ಬಿಟ್ಟು ಕೆಳಕ್ಕೆ ಜಾರುತ್ತಿದೆ. ದೋಣಿಯ ಮೇಲೆ ಕೂತು ಬರೆದಿರಾ?

ನಿಮ್ಮ
ಮಾರ್ವಾ


ಆನ್ಸ್ ಮಾರ್ಸೆಲ್
ಮಾರ್ಚ್ 17

ಮಗಳೇ,

ನೀನು ಮಾಡಿದ್ದು ದೊಡ್ಡದು. ಕಾನ್ರಾಡ್‌ಗೆ ಹೇಳಿದೆ. “ಹತ್ತು ವರ್ಷಾನಾ?” ಅಂತ ನನ್ನ ಅಪ್ಪಿಕೊಂಡ, ಬೆನ್ನು ಹಿಡ್ಕೊಂತು. ಆದರೆ ಆ ಹತ್ತು ವರ್ಷಾನೂ ಹಸಿರು ಚಿಮಣಿಯವರ ಭಿಕ್ಷೆ, ಅದಕ್ಕೂ ಒಪ್ಪಬಾರದು ಅಂತ ಸಂಜೆ ಹೊತ್ತಿಗೆ ಅವನೇ ತೀರ್ಮಾನಿಸಿದ.

ಏಪ್ರಿಲಲ್ಲಿ ಶಾಲೆಯ ಸಭಾಂಗಣದಲ್ಲಿ ಊರವರ ಸಭೆ ಇದೆ. ಮಂತ್ರಿ ಬರ್ತಾನೆ. ಎರಡೂ ಚಿಮಣಿಯವರು ಬರ್ತಾರಂತೆ. ಅಧ್ಯಕ್ಷ ಮಾತಾಡಬೇಕಂತೆ.

ಹತ್ತು ವರ್ಷ ಅನ್ನೋದು ಕರಡಿನಲ್ಲಿ ಮಾತ್ರ ಇರೋದಾ, ಇಲ್ಲ ಖಾಯಂ ಆಗಿಹೋಯ್ತಾ? ಸುಮ್ಮನೆ ಕೇಳಿದೆ.

ಬೋಟಲ್ಲಿ ಕೂತು ಬರೆದಿದ್ದಲ್ಲ.

ಪಪ್ಪ


ರಾಜಧಾನಿಯ ಹೋಟೆಲು
ಏಪ್ರಿಲ್ 16

ಪಪ್ಪ,

ನಿಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಕೂತು ನಿಮಗೆ ಪತ್ರ ಬರೆಯುತ್ತಿದ್ದೇನೆ. ನಗು ಬರುತ್ತಿದೆ, ಬರಬಾರದು. ಸಭೆ ಮುಗಿದ ಮೇಲೆ ಬಂದು ಮಾತಾಡಿಸೋಣವೆಂದರೆ ನಿಮ್ಮ ಸುತ್ತ ಲಾಂಚಿನವರು ಗೋಡೆ ಕಟ್ಟಿದ್ದರು. ನನ್ನ ಕೊರಳಲ್ಲಿ ಕಂಪನಿಯ ಬಿಲ್ಲೆ. ಬೋಸಿ ಅಂಕಲ್ ಅದನ್ನು ಓದಿ, “ಓಹೋ, ಮಾರ್ವಾ ಮೇಡಂ” ಅಂದರು. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗೆ ಎಸೆಯುತ್ತಿದ್ದ ಮನುಷ್ಯ.

ನಾಳೆ ಬೆಳಿಗ್ಗೆಯೇ ವಿಮಾನ. ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ನೀವು ಮಾಡಿದ್ದು ಏನು?

ವೇದಿಕೆಯ ಮೇಲಿಂದ ನನಗೆ ಕಂಡದ್ದನ್ನು ಹೇಳುತ್ತೇನೆ. ಲೊರೇನ್ ಮಾತಾಡಿದಳು, ಜನ ಬೀಸಣಿಗೆ ಬೀಸಿಕೊಂಡರು. ಕಾನ್ರಾಡ್ ಮಾತಾಡಿದ, ಜನ ಕೂಗಿದರು. ಹಾರ್ಲನ್ ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಪ್ರೇಕ್ಷಕನ ಹಾಗೆ ಕೂತಿದ್ದ. ಆಮೇಲೆ “ಅಧ್ಯಕ್ಷರು, ಅಧ್ಯಕ್ಷರು” ಎಂದು ಸಭಾಂಗಣದ ತುಂಬಾ ಕೂಗು. ನೀವು ಎದ್ದಿರಿ. ನನ್ನನ್ನು ನೋಡಿದಿರಿ. ಮೈಕಿನ ಹತ್ತಿರ ಬಂದು ಬಾಯಿ ತೆರೆದಿರಿ, ಮುಚ್ಚಿದಿರಿ. ಆಮೇಲೆ ಅಂಗಿಯನ್ನು ತಲೆಯ ಮೇಲಿಂದ ಎಳೆದು ತೆಗೆದಿರಿ.

“ಅಯ್ಯೋ ಥಿಯೋ, ಬಟ್ಟೆ ಹಾಕ್ಕೊಳ್ಳೋ,” ಅತ್ತೆಯ ದನಿ ಇಡೀ ಸಭೆಗೆ ಕೇಳಿತು.

ನೀವು ಬನಿಯನ್ನಿನಲ್ಲೇ ನಿಂತು ಆ ಅಂಗಿಯನ್ನು ಮಡಿಸಿದಿರಿ. ಅಮ್ಮ ದಿಂಬಿನ ಚೀಲ ಮಡಿಸುತ್ತಿದ್ದ ಹಾಗೆ, ತೋಳು ಒಳಕ್ಕೆ, ಅಂಚಿಗೆ ಅಂಚು ಸೇರಿಸಿ. ನಡೆದು ಹೋಗಿ ಹಾರ್ಲನ್‌ನ ಮಡಿಲಲ್ಲಿ ಇಟ್ಟು ನಿಮ್ಮ ಜಾಗದಲ್ಲಿ ಕೂತಿರಿ. ಅವನು ಅದನ್ನು ಕೆಳಗೆ ಹಾಕಲಾರದೆ, ಹಿಡಿದುಕೊಳ್ಳಲಾರದೆ, ಸಭೆ ಮುಗಿಯುವವರೆಗೂ ನಿದ್ದೆ ಹೋದ ಮಗುವನ್ನು ಹೊತ್ತವನ ಹಾಗೆ ಕೂತಿದ್ದ.

ಆಮೇಲೆ ಶುರುವಾಯಿತಲ್ಲ ಗದ್ದಲ. “ಯಾರ ಅಂಗೀನೂ ಬೇಡ, ಯಾರ ಜೆಟ್ಟೀನೂ ಬೇಡ.” ಪಟಪಟನೆ ಎಲ್ಲರೂ ಅಂಗಿ ಬಿಚ್ಚತೊಡಗಿದರು. ಬೋಸಿ ಅಂಕಲ್ ಒಳಗೆ ಬನಿಯನ್ ಹಾಕಿರಲಿಲ್ಲ. ಮಂತ್ರಿ ಮುಖ ಒರೆಸಿಕೊಳ್ಳುತ್ತಾ “ನಾವೇ ಕಟ್ಟೋದಾದ್ರೆ...” ಎಂದು ಏನೋ ಅಂದ, ಯಾರೂ ಕಿವಿಗೊಡಲಿಲ್ಲ.

ಊರಿಗೆ ಅದು ವೀರನ ಕೆಲಸದ ಹಾಗೆ ಕಂಡಿತು. ಆದರೆ ನನ್ನನ್ನು ನೋಡಿದಾಗ ನಿಮ್ಮ ಮುಖದಲ್ಲಿದ್ದದ್ದು ಸಿಟ್ಟಲ್ಲ. ಎಷ್ಟೋ ವರ್ಷಗಳ ಮೇಲೆ ಹತ್ತಿರದಿಂದ ಕಂಡೆ, ತಪ್ಪು ತಿಳಿದಿದ್ದರೂ ಇರಬಹುದು. ಅದು ಏನು, ಪಪ್ಪ?

ಮಾರ್ವಾ


ಆನ್ಸ್ ಮಾರ್ಸೆಲ್
ಏಪ್ರಿಲ್ 29

ಮಗಳೇ ಮಾರ್ವಾ,

ಈ ಕಾಗದ ಪೋಸ್ಟಲ್ಲಿ ಬಂದಿಲ್ಲ, ನೋಡಿದೆಯಲ್ಲ. ನಿಮ್ಮ ಹಸಿರು ಚಿಮಣಿ ಹಡಗಿನ ಅಡುಗೆ ಮನೇಲಿ ನಮ್ಮೂರಿನ ಅಲ್ಫಾನ್ಸಸ್ ಇದ್ದಾನೆ, ಅವನ ಕೈಲಿ ಕೊಟ್ಟೆ. ಮಿಸ್ ಓಝೇಲಿಯಾ ಕೈಗೆ ಸಿಕ್ಕರೆ ನಾನು ಈ ಊರು ಬಿಡಬೇಕಾಗುತ್ತೆ.

ನಂಗೆ ಜೆಟ್ಟಿ ಬೇಕಿತ್ತು.

ಬರೆದಾಯ್ತು. ಇನ್ನು ಉಳಿದದ್ದು ಸಲೀಸು.

ಬಲಗಣ್ಣು ಹೋಗ್ತಾ ಇದೆ. ಮೂರು ವರ್ಷ ಆಗ್ತಾ ಬಂತು. ಆ ಕಡೆ ನೀರಲ್ಲಿ ದಾರಿ ತೋರಿಸೋಕೆ ತೇಲಿಬಿಟ್ಟಿರೋ ಬೋಯೆ ಮಂಜಲ್ಲಿ ಕೂತ ಹಾಗೆ ಕಾಣುತ್ತೆ. ಮೊಣಕಾಲು ಮೆಟ್ಟಿಲು ಹತ್ತಲ್ಲ. ಡಿಸೆಂಬರಲ್ಲಿ ಜನ ತುಂಬಿಕೊಂಡು ಬಂದು ಕಟ್ಟೆಗೆ ಗುದ್ದಿದೆ. ಯಾರಿಗೂ ಏನೂ ಆಗಲಿಲ್ಲ, ಒಬ್ಬ ಹೆಂಗಸಿನ ಟೋಪಿ ನೀರಿಗೆ ಬಿತ್ತು. ಆ ಪ್ರವಾಸಿಗಳು ಅದೂ ಮೋಜಿನ ಭಾಗ ಅಂದುಕೊಂಡು ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಮನೆಗೆ ಬಂದು, ಹಡಗು ಬರೋ ದಿನ ಇನ್ನೆಷ್ಟಿವೆ ಅಂತ ಕ್ಯಾಲೆಂಡರಲ್ಲಿ ಎಣಿಸಿದೆ.

ಮಾರಬಹುದಿತ್ತು ಅಂತೀಯ. ಲಾಂಚು ಮಾರಿದರೆ ಹೆಸರೂ ಜೊತೇಲಿ ಹೋಗುತ್ತೆ, ನಿಂಗೆ ಗೊತ್ತು. ಹೆಸರು ಅಳಿಸಿದ ದೋಣಿಗೆ ಇಲ್ಲಿ ಯಾರೂ ಹತ್ತಲ್ಲ. ನಿಮ್ಮಮ್ಮನ್ನ ಬೇರೆಯವನ ಕೈಗೆ ಕೊಟ್ಟು ದುಡ್ಡು ಎಣಿಸಿಕೊಳ್ಳೋದಾ? ಆಗಲ್ಲ. ಕಣ್ಣಿಲ್ಲ ಅಂತ ಕೆಲಸ ಬಿಟ್ಟರೂ, “ಥಿಯೋ, ಸುಮ್ನೆ ಕೊಳೀತಾ ಇದೆ, ಮಾರೋ” ಅಂತ ದಿನಾ ಒಬ್ಬ ಬರ್ತಿದ್ದ. ಜೆಟ್ಟಿ ಬಂದರೆ ಆ ತಾಪತ್ರಯ ಇಲ್ಲ. ಎಲ್ಲರ ಲಾಂಚೂ ದಡಕ್ಕೆ. ಯಾರೂ ಕೊಳ್ಳಲ್ಲ, ಯಾರೂ ಕೇಳಲ್ಲ. ಅವಳನ್ನ ಬಾದಾಮಿ ಮರದ ಕೆಳಗೆ ಎಳ್ಕೊಂಡು ಬಂದು ನಿಲ್ಲಿಸಿ ನಾನೂ ಪಕ್ಕದಲ್ಲಿ ಕೂತುಬಿಡ್ತಿದ್ದೆ. ತಪ್ಪು ನಿಮ್ಮ ಕಂಪನಿದು, ನಂದಲ್ಲ.

ನೀನು ಕೆಲಸಕ್ಕೆ ಸೇರಿದಾಗ ನಂಗೆ ಸಿಟ್ಟು ಬಂತು ಅಂದುಕೊಂಡೆಯಾ? ಬಂದಿತ್ತು, ಒಂದು ತಿಂಗಳು. ಆಮೇಲೆ ಕಣ್ಣು ಮಂಜಾಯ್ತು. ನಿಮ್ಮವರು ಬೇಗ ಬರಲಿ, ಕಟ್ಟಲಿ ಅಂತ ಒಳಗೊಳಗೇ ಕಾಯೋಕೆ ಶುರು ಮಾಡಿದೆ. ಹೊರಗೆ ಊರೆಲ್ಲ ನಿಮ್ಮನ್ನ ಬಯ್ತಿತ್ತು, ನಾನು ತಲೆ ಆಡಿಸ್ತಿದ್ದೆ. ನಿಂಗೆ ಬರೆದರೆ ಅಕ್ಷರದಲ್ಲೇ ಗೊತ್ತಾಗಿಬಿಡುತ್ತೆ ಅಂತ ಬರೀಲಿಲ್ಲ. ಅಷ್ಟೇ ವಿಷಯ.

ಇಷ್ಟರಲ್ಲಿ ನೀನು ಹತ್ತು ವರ್ಷ ತಂದೆ. ಹತ್ತು ವರ್ಷಕ್ಕೆ ನಂಗೆ ಎಂಬತ್ತಮೂರು. ಆ ಕಾಗದ ಓದಿ ಅತ್ತೆಗೆ ಗೊತ್ತಾಗದ ಹಾಗೆ ಹಿತ್ತಲಿಗೆ ಹೋಗಿ ಕೂತೆ.

ಸಭೇಲಿ ಹೇಳಿಬಿಡೋಣ ಅಂತಾನೇ ಎದ್ದೆ. ನೀನು ವೇದಿಕೆ ಮೇಲೆ ಕೂತಿದ್ದೆ, ಚರ್ಚಲ್ಲಿ ಮೊದಲ ಪರಮಪ್ರಸಾದ ತಗೊಂಡ ದಿನ ಬಿಳಿ ಫ್ರಾಕ್ ಹಾಕ್ಕೊಂಡು ಕೂತಿದ್ದೆಯಲ್ಲ, ಅದೇ ಮುಖ. ಜೆಟ್ಟಿ ಬೇಕು ಅಂದರೆ ಮಗಳು ಅಪ್ಪನ್ನ ಕೊಂಡ್ಕೊಂಡಳು ಅಂತಾರೆ. ಬೇಡ ಅಂದರೆ ಅದು ಸುಳ್ಳು, ಅದೂ ಇನ್ನೊಬ್ಬನ ದುಡ್ಡಿನ ಅಂಗಿ ಹಾಕ್ಕೊಂಡು ಹೇಳೋ ಸುಳ್ಳು. ಎರಡೂ ಆಗಲಿಲ್ಲ. ಕೈಗೆ ಸಿಕ್ಕಿದ್ದು ಅಂಗಿ ಒಂದೇ. ತೆಗೆದೆ.

ಇನ್ನು ನೀನು ನಗಬಹುದು. ನಾನೂ ಈಗ ಸ್ವಲ್ಪ ನಕ್ಕೆ.

ಪಪ್ಪ


ಮಯಾಮಿ
ಮೇ 8

ನನ್ನ ಪಪ್ಪ,

ಅಲ್ಫಾನ್ಸಸ್ ಬಂದರಿನ ಗೇಟಿಗೆ ಬಂದು ಪತ್ರ ಕೊಟ್ಟ. ಜೊತೆಗೆ ಅತ್ತೆ ಕಳಿಸಿದ, ತುರಿದು ಕುದಿಸಿ ಕುಡಿಯುವ ಕೋಕೋ ಕಡ್ಡಿಗಳು. ಕಾರಿನಲ್ಲೇ ಕೂತು ಓದಿದೆ. ‘ಎಂಬತ್ತಮೂರು’ ಅನ್ನುವ ಕಡೆ ಬಂದಾಗ ಎಷ್ಟು ನಕ್ಕೆನೆಂದರೆ ಪಕ್ಕದ ಕಾರಿನ ಹೆಂಗಸು ಕಿಟಕಿ ಇಳಿಸಿ “ಹುಷಾರಿದ್ದೀರಾ?” ಎಂದು ಕೇಳಿದಳು. ಹುಷಾರಿದ್ದೆ. ನಗು ನಿಂತ ಮೇಲೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ.

ಮೂರು ವರ್ಷ ನಾನು ನಿಮ್ಮ ಸಿಟ್ಟಿಗೆ ಮನಸ್ಸಿನಲ್ಲೇ ವಾದ ಹೂಡುತ್ತಿದ್ದೆ. ಸ್ನಾನ ಮಾಡುವಾಗ, ಕಾರು ಓಡಿಸುವಾಗ, ಒಳ್ಳೊಳ್ಳೆಯ ವಾಕ್ಯಗಳು. ಈಗ ಅವೆಲ್ಲ ಅನಾವಶ್ಯಕವಾಗಿಬಿಟ್ಟವು. ನಷ್ಟವೇನೂ ಅನ್ನಿಸುತ್ತಿಲ್ಲ.

ಬೇಡ ಅಂದರೆ ಬೇಡ ಎಂದೇ ತಿಳಿಯಬೇಕು ಎಂಬುದನ್ನು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಕಲಿತೆ. ಆದರೆ ಈಗ ನಾನು ಒಂದು ಹೇಳುತ್ತೇನೆ, ನೀವು ಬೇಡ ಅನ್ನಬಾರದು. ಕಣ್ಣಿನ ಡಾಕ್ಟರು ಬುಧವಾರ ಮಾತ್ರ ರಾಜಧಾನಿಗೆ ಬರುತ್ತಾರೆ ಎಂದು ಅತ್ತೆ ಹೇಳಿದಳು. ಬುಧವಾರ ಹಡಗಿನ ದಿನ, ಅದಕ್ಕೇ ನೀವು ಹೋಗಿಲ್ಲ. ಒಂದೇ ಒಂದು ಬುಧವಾರ ಮಿಸ್ ಎಡ್ವಿನಾಳನ್ನು ಕಾನ್ರಾಡ್ ಕೈಗೆ ಕೊಟ್ಟು ಹೋಗಿ ಬನ್ನಿ. ಮಾರುವುದಲ್ಲ, ಬಾಡಿಗೆಯೂ ಅಲ್ಲ, ಒಂದು ದಿನದ ಮಟ್ಟಿಗೆ. ಕಾರಣ ಕೇಳಿದರೆ ಹಲ್ಲುನೋವು ಅನ್ನಿ.

ನಮ್ಮ ಕರಡು ಬಿದ್ದುಹೋಯಿತು. ನಿಮ್ಮ ಬನಿಯನ್ನಿನ ಫೋಟೋ ಪತ್ರಿಕೆಯಲ್ಲಿ ಬಂದ ಮೇಲೆ ಮಂತ್ರಿಗೆ ಧೈರ್ಯ ಬಂತೋ ಭಯ ಬಂತೋ, ದ್ವೀಪವೇ ಜೆಟ್ಟಿ ಕಟ್ಟುತ್ತದಂತೆ. ಒಂದು ಹಡಗಿನ ಸಣ್ಣ ಜೆಟ್ಟಿ. ಪಿಂಚಣಿ ನಿಧಿಯಿಂದ ಸಾಲ, ಇಳಿಯುವ ಪ್ರತಿ ಪ್ರವಾಸಿಯ ಶುಲ್ಕದಿಂದ ವಾಪಸು. ಎಲ್ಲ ಕಂಪನಿಗಳಿಗೂ ಸರದಿಯ ಪ್ರಕಾರ, ಯಾರಿಗೂ ಮೊದಲ ಆಯ್ಕೆಯಿಲ್ಲ. ಸರದಿ ಇಲ್ಲದವರು ಕೊಲ್ಲಿಯಲ್ಲಿ ನಿಂತು ಲಾಂಚಿಗೆ ಕಾಯಬೇಕು. ಮುದುಕರ ಪಿಂಚಣಿಯನ್ನು ಸಮುದ್ರದಲ್ಲಿ ಹೂಳುವುದು ಸರಿಯೇ ಎಂದು ನನಗೆ ಅನುಮಾನವಿದೆ, ಅದನ್ನು ಬರೆದೂ ಕಳಿಸಿದ್ದೇನೆ. ಆದರೆ ಆ ಕೊಲ್ಲಿ ಯಾರ ಚಿಮಣಿಯ ಬಣ್ಣಕ್ಕೂ ತಿರುಗುವುದಿಲ್ಲ. ನನ್ನ ಕೆಲಸ ಹೋಗುತ್ತದೆಂದು ಕಾಯುತ್ತಿದ್ದೆ. ಲೊರೇನ್ ಸುದ್ದಿ ಓದಿ ಕುರ್ಚಿಗೆ ಒರಗಿ ಉಸಿರು ಬಿಟ್ಟಳು: “ಸದ್ಯ. ಅಷ್ಟು ದುಡ್ಡು ಉಳೀತು.” ಆ ಜೆಟ್ಟಿ ಅವಳಿಗೂ ಬೇಕಿರಲಿಲ್ಲವೇನೋ.

ಬುಧವಾರ. ಮರೆಯಬೇಡಿ.

ನಿಮ್ಮ
ಮಾರ್ವಾ


ಆನ್ಸ್ ಮಾರ್ಸೆಲ್
ಜೂನ್ 6

ಮಗಳೇ,

ಹಲ್ಲುನೋವು ಅಂದೆ. “ನಿಮ್ಗೆ ಹಲ್ಲು ಎಲ್ಲಿದೆ?” ಅಂದ ಕಾನ್ರಾಡ್. ಕೀಲಿ ಕೊಟ್ಟು ಬಸ್ಸು ಹತ್ತಿದೆ.

ಕಣ್ಣಿಗೆ ಪೊರೆ. ತೆಗೆದರೆ ಕಾಣುತ್ತೆ, ಆದರೆ ಈ ವಯಸ್ಸಲ್ಲಿ, ಈ ಮೊಣಕಾಲಲ್ಲಿ ಮತ್ತೆ ಜನ ತುಂಬಿಕೊಂಡು ದೋಣಿ ನಡೆಸೋ ಹಾಗಿಲ್ಲ ಅಂದರು ಡಾಕ್ಟರು. ಬಾಯಿ ತೆಗೆದು ಹಾಗೆ ಹೇಳಿದ್ದೇ ಸರಿ, ತಲೆ ಮೇಲಿಂದ ಮೂಟೆ ಇಳಿಸಿದ ಹಾಗಾಯ್ತು. ಥ್ಯಾಂಕ್ಯೂ ಅಂದೆ. ಆಕೆಗೆ ವಿಚಿತ್ರ ಅನ್ನಿಸಿರಬೇಕು.

ಮಧ್ಯಾಹ್ನ ವಾಪಸು ಬಂದು ಕಟ್ಟೆ ಮೇಲೆ ಕೂತೆ. ಕೊಲ್ಲಿಯಲ್ಲಿ ಹಡಗು ನಿಂತಿತ್ತು. ಜನರನ್ನ ಇಳಿಸೋ ಹೊತ್ತಿಗೆ ಹಡಗಿನವನು ಮೈಕಲ್ಲಿ ಕರೀತಾನಲ್ಲ, ಸರದಿಯ ಪ್ರಕಾರ. “ಮಿಸ್ ಎಡ್ವಿನಾ, ಮಿಸ್ ಎಡ್ವಿನಾ, ಮುಂದೆ ಬನ್ನಿ.” ನೀರಿನ ಮೇಲೆ ತೇಲಿಕೊಂಡು ದಡಕ್ಕೆ ಬಂತು. ಮೂವತ್ತು ವರ್ಷ ಆ ಹೆಸರು ಕೂಗಿದಾಗೆಲ್ಲ ನಾನು ಎಂಜಿನ್ ಪಕ್ಕ ಇದ್ದೆ. ಕೈ ಸನ್ನೆ ನೋಡಿ ಹೋಗ್ತಿದ್ದೆ, ಕೂಗು ಕೇಳಿದ್ದೇ ಇಲ್ಲ. ಕೇಳಿದ್ದರೂ ನನ್ನನ್ನ ಕರೆದ ಹಾಗೆ. ಇವತ್ತು ಅವಳನ್ನ ಕರೆದರು. ಅವಳು ಹೋದಳು. ಕಾನ್ರಾಡ್ ಚುಕ್ಕಾಣಿ ಸ್ವಲ್ಪ ಜಾಸ್ತೀನೇ ತಿರುಗಿಸ್ತಾನೆ, ಆದರೂ ಪರವಾಗಿಲ್ಲ.

ನಾನು ಮನಸ್ಸಲ್ಲೇ ಕೇಳಿಕೊಂಡ ಜೆಟ್ಟಿ ಬಂದಿದ್ದರೆ, ಬಾದಾಮಿ ಮರದ ಕೆಳಗೆ ಅವಳೂ ನಾನೂ. ಯಾರೂ ಕರೀತಿರಲಿಲ್ಲ. ಅದು ನಂಗೆ ಹೊಳೆದೇ ಇರಲಿಲ್ಲ.

ಸಂಜೆ ಕೀಲಿ ವಾಪಸು ಕೊಡೋಕೆ ಬಂದ. ಇಟ್ಕೋ ಅಂದೆ. “ಹಲ್ಲುನೋವು ಇನ್ನೂ ಹೋಗಿಲ್ವಾ?” ಅಂದ. ಇಲ್ಲ, ಕೊಂಡ್ಕೋ ಅಂದೆ. ಅವನು ಕೂತ. ಕೀಲೀನ ಅಂಗಿ ಅಂಚಲ್ಲಿ ಒರೆಸಿ ಜೇಬಿಗೆ ಹಾಕ್ಕೊಂಡ. ಆಮೇಲೆ, “ಹೆಸರಿಗೆ ವರ್ಷಕ್ಕೊಂದು ಸಲ ಬಣ್ಣ ನೀವೇ ಹಾಕ್ಬೇಕು. ನನ್ನ ಅಕ್ಷರ ಚೆನ್ನಾಗಿಲ್ಲ” ಅಂದ.

ಕಣ್ಣಿನ ವಿಷಯ ಹೇಳಿದೆ. ಜೆಟ್ಟಿ ವಿಷಯ ಹೇಳಿಲ್ಲ. ಅದು ನಿನ್ನ ಹತ್ರ ಇರಲಿ. ಇದನ್ನೂ ಅಲ್ಫಾನ್ಸಸ್ ಕೈಲೇ ಕಳಿಸ್ತಿದ್ದೀನಿ.

ಪಪ್ಪ


ಮಯಾಮಿ
ಜೂನ್ 19

ನನ್ನ ಪಪ್ಪ,

ನಿಮ್ಮ ಪತ್ರವನ್ನು ಎರಡು ಸಲ ಓದಿ ಡ್ರಾಯರಿನಲ್ಲಿಟ್ಟೆ. ಆಮೇಲೆ ಮತ್ತೆ ತೆಗೆದು ‘ಅವಳು ಹೋದಳು’ ಎಂಬಲ್ಲಿ ಮಾತ್ರ ಓದಿದೆ.

ಸಂತ ಪೇತ್ರನ ಹಬ್ಬಕ್ಕೆ, ಪಾದ್ರಿ ದೋಣಿಗಳಿಗೆ ನೀರು ಚಿಮುಕಿಸುವ ದಿನಕ್ಕೆ ಬರುತ್ತಿದ್ದೇನೆ. ಕೊರಳಲ್ಲಿ ಬಿಲ್ಲೆ ಇರುವುದಿಲ್ಲ. ಈ ಸಲ ಹೋಟೆಲೂ ಇಲ್ಲ. ಬೋಸಿ ಅಂಕಲ್ ಮೇಡಂ ಅಂದರೆ ನಾನೇ ಅವರನ್ನು ನೀರಿಗೆ ತಳ್ಳುತ್ತೇನೆ. ನಾವಿಬ್ಬರೂ ಕಟ್ಟೆಯ ಮೇಲೆ ಕೂರೋಣ. ಹೆಸರಿನ ಬಣ್ಣಕ್ಕೆ ಯಾವುದು ಬೇಕೋ ಅತ್ತೆಯ ಕೈಯಲ್ಲಿ ಫೋನಿನಲ್ಲಿ ಹೇಳಿಸಿ, ಇಲ್ಲಿಂದ ತರುತ್ತೇನೆ. ಮೊದಲಿದ್ದ ಆ ಕಡುನೀಲಿಯೇ ಎಂದು ನನ್ನ ಊಹೆ. ನನ್ನ ಊಹೆಗಳನ್ನು ಈಗ ಅಷ್ಟಾಗಿ ನಂಬುವುದಿಲ್ಲ, ಆದ್ದರಿಂದ ಕೇಳುತ್ತಿದ್ದೇನೆ.

ಈ ಪತ್ರ ನಾನು ಹೊರಡುವ ಒಂದೆರಡು ದಿನ ಮುಂಚೆಯಷ್ಟೇ ನಿಮ್ಮನ್ನು ತಲುಪೀತು. ಅಲ್ಫಾನ್ಸಸ್ ಕೈಯಲ್ಲಿ ಕೊಟ್ಟರೆ ಬೇಗ ಸೇರುತ್ತಿತ್ತು. ಬೇಡ ಅನ್ನಿಸಿತು. ಇದನ್ನು ತೆಳು ಕಾಗದದಲ್ಲಿ ಬರೆದಿದ್ದೇನೆ. ಮಿಸ್ ಓಝೇಲಿಯಾ ಬೇಕಾದರೆ ಬಿಸಿಲಿಗೆ ಹಿಡಿದು ಓದಿಕೊಳ್ಳಲಿ. ಮೆಟ್ಟಿಲ ಮೇಲೆ ನಿಂತು ಕಾಯಲಿ. ಅವಳು ಓದಬಾರದ್ದನ್ನು ಇದರಲ್ಲಿ ಎಲ್ಲೂ ಬಿಡಿಸಿ ಬರೆದಿಲ್ಲ. ಓದಿ ತಿಳಿದುಕೊಳ್ಳಬಹುದಾದದ್ದು ಇಷ್ಟೇ: ಥಿಯೋಫಿಲಸ್ ಲಾರೋಂಡ್‌ನ ಮಗಳು ಊರಿಗೆ ಬರುತ್ತಿದ್ದಾಳೆ, ಅಪ್ಪ ಮಗಳ ನಡುವೆ ಮಾತು ಇದೆ.

ನಿಮ್ಮ
ಮಾರ್ವಾ